ಎಂಟು ಬುಷ್ಷು, ಒಂದು ಉಲ್ಟಾ

ಯೂಟ್ಯೂಬಿನಲ್ಲಿ ತುಕ್ಕು ಹಿಡಿದ ಬೋಲ್ಟು ಯಾವತ್ತೂ ಹತ್ತು ಹನ್ನೊಂದು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಗಡ್ಡ ಬಿಟ್ಟ ಒಬ್ಬ ಅಮೆರಿಕನ್, ತಲೆಯ ಮೇಲೆ ಲಿಫ್ಟಿಗೇರಿಸಿದ ಗಾಡಿ, ಕೈಯಲ್ಲಿ ಇಂಪ್ಯಾಕ್ಟ್ ಗನ್ನು. ಟರ್ರ್ ಅಂತ ಒಂದು ಸದ್ದು, ಆಮೇಲೆ ನಟ್ಟು ಅವನ ಅಂಗೈಯಲ್ಲಿ. ನಡುವಿನ ನಾಲ್ಕು ದಿನ ಕಟ್ ಆಗಿರ್ತಾವೆ ಅನ್ನೋದು ಗೊತ್ತಾಗೋದು ನಾವೇ ಒಂದು ಗಾಡಿಯ ಕೆಳಗೆ ಅಂಗಾತ ಮಲಗಿದಾಗ.

ನಮ್ಮ ಜೀಪಿನ ಶ್ಯಾಕಲ್ ಬುಷ್ಷುಗಳು ಒಟ್ಟು ಎಂಟು. ಅವನ್ನು ಬಿಚ್ಚೋಕೆ ಹಿಡಿದದ್ದು ನಾಲ್ಕು ತಿಂಗಳು. ಇದರಲ್ಲಿ ಅರ್ಧ ತಪ್ಪು ರೈಲಿನದು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ರಾಣಿ ಚೆನ್ನಮ್ಮ ಹತ್ತಿ, ಶನಿವಾರ ಕುಡಚಿಯಲ್ಲಿ ಇಳಿದು, ಹಾರೂಗೇರಿಯ ಮನೆ ಮುಟ್ಟಿ ಊಟ ಮಾಡುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತೆ. ಭಾನುವಾರ ಸಂಜೆ ಮತ್ತೆ ಬ್ಯಾಗು. ಸೋಮವಾರ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಮಾಡಿದರೆ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ನಮ್ಮ ಮ್ಯಾನೇಜರು ಒಂದು ದಿನ ಕೇಳಿಯೇಬಿಟ್ಟರು, ಊರಲ್ಲಿ ಏನಾದರೂ ಸೈಡ್ ಬಿಸಿನೆಸ್ ಶುರು ಮಾಡಿದ್ದೀರಾ ಅಂತ.

ಜೀಪು ನಮ್ಮಜ್ಜನದು. ಮಹೀಂದ್ರಾ ಸಿಜೆ3ಬಿ. ಮೈಸೂರು ರಾಜ್ಯ ಇನ್ನೂ ಕರ್ನಾಟಕ ಆಗದೇ ಇದ್ದಾಗಿನ ಗಾಡಿ, ಅಂದರೆ 1973ಕ್ಕೂ ಮುಂಚಿನದು. ನಂಬರು ‘ಎಂವೈ’ ಅಂತಲೇ ಶುರು. ಅಮೆರಿಕದ ಟೊಲೆಡೊ ಊರಿನಲ್ಲಿ ವಿಲ್ಲಿಸ್ ಕಂಪನಿ ಈ ಮಾಡೆಲ್ಲನ್ನು 1953ರಲ್ಲಿ ಶುರು ಮಾಡಿ 1968ರಲ್ಲಿ ನಿಲ್ಲಿಸಿತು. ನಮ್ಮಲ್ಲಿ ಮಹೀಂದ್ರಾದವರು ಲೈಸೆನ್ಸ್ ತಗೊಂಡು ಅದನ್ನೇ ಆಮೇಲೂ ಬಹಳ ವರ್ಷ ಮಾಡಿದರು. ಇದರ ಬಾನೆಟ್ಟು ಹಳೇ ಮಿಲಿಟರಿ ಜೀಪಿಗಿಂತ ಎತ್ತರ. ಯುದ್ಧದ ಕಾಲದ ಜೀಪಿನ ಮೈಯಲ್ಲಿ ಹೊಸ ಹರಿಕೇನ್ ಎಂಜಿನ್ ಕೂರಿಸಬೇಕಾಗಿತ್ತು, ಆ ಎಂಜಿನ್ ಎತ್ತರ, ಹಾಗಾಗಿ ಬಾನೆಟ್ಟನ್ನೇ ಮೇಲೆ ಎತ್ತಿದರು. ಚಂದಕ್ಕಲ್ಲ. ಈಗ ಅದೇ ಎತ್ತರದ ಮೂತಿಗೆ ಬೆಂಗಳೂರಿನಲ್ಲಿ ಜನ ಲಕ್ಷಗಟ್ಟಲೆ ಕೊಡ್ತಾರೆ.

ಅಜ್ಜ ಇರೋವರೆಗೂ ಅದರಲ್ಲಿ ಅರಿಶಿಣದ ಚೀಲ ಹೋದವು, ಕಬ್ಬಿನ ಬೀಜ ಹೋದವು, ಚಿಂಚಲಿ ಮಾಯಕ್ಕನ ಜಾತ್ರೆಗೆ ಹದಿನೈದು ಜನ ಹೋದರು. ಅಜ್ಜ ಹೋದ ಮೇಲೆ ವಾಟ್ನಿ ಆಯ್ತು. ಹೊಲ ಹಂಚಿದರು, ಬಾವಿಯ ಪಾಳಿ ಹಂಚಿದರು, ಹಿತ್ತಾಳೆ ಕೊಡ ಎಣಿಸಿದರು. ಜೀಪನ್ನು ಹಂಚೋಕೆ ಆಗಲಿಲ್ಲ. ಅಪ್ಪ ತಗೊಂಡರೆ ಕಾಕಾನಿಗೆ ಸಿಟ್ಟು, ಕಾಕಾ ತಗೊಂಡರೆ ಅಪ್ಪನಿಗೆ. ಮಾರೋಣ ಅಂದರೆ ಇಬ್ಬರಿಗೂ ಸಿಟ್ಟು. ಕೊನೆಗೆ ಹಿರಿಯರು ಕೂತು, ‘ಅಕ್ಕನ ಮನ್ಯಾಗ ಇರ್ಲಿ’ ಅಂತ ತೀರ್ಮಾನ ಮಾಡಿ, ಜೀಪನ್ನು ಕುಡಚಿ ಕಡೆ ನದಿದಂಡೆಯ ನಮ್ಮ ಅತ್ತಿಯ ಊರಿಗೆ ಕಳಿಸಿದರು. ಆ ದಿನದಿಂದ ಅಪ್ಪ ಮತ್ತು ಕಾಕಾ ಮಾತಾಡಿದ್ದಿಲ್ಲ. ಜಗಳ ಜೀಪಿನದಲ್ಲ, ಬಾವಿಯ ಪಾಳಿಯದು. ಆದರೆ ಜೀಪು ಕಣ್ಣಿಗೆ ಕಾಣೋ ವಸ್ತು ನೋಡಿ, ಜನ ಅದರದೇ ಅಂದ್ಕೊಂಡರು.

2019ರ ಆಗಸ್ಟಿನಲ್ಲಿ ಕೃಷ್ಣಾ ಬಂತು. ಆ ಸಲದ ಮಹಾಪೂರ ಬೆಳಗಾವಿ ಜಿಲ್ಲೆಯವರಿಗೆ ಹೇಳೋದು ಬೇಕಿಲ್ಲ. ಅತ್ತಿಯ ಮನೆಯವರು ದನ ಬಿಚ್ಚಿಕೊಂಡು ಗಂಜಿ ಕೇಂದ್ರಕ್ಕೆ ಹೋದರು. ಜೀಪು ಶೆಡ್ಡಿನಲ್ಲೇ ಉಳಿಯಿತು. ನೀರು ಇಳಿದ ಮೇಲೆ ನೋಡಿದರೆ ಸೀಟಿನ ಮೇಲೆ ಗೇಣುದ್ದ ರಾಡಿ. ಆಮೇಲೆ ಅದು ಅಲ್ಲೇ ಒಣಗಿತು, ಮರುವರ್ಷ ತೊಯ್ದಿತು, ಮತ್ತೆ ಒಣಗಿತು. ಹೋದ ವರ್ಷ ಅತ್ತಿ ಫೋನ್ ಮಾಡಿ, ‘ನಿಮ್ಮ ಹೆಣಾ ನೀವು ಒಯ್ರಿ, ನನಗ ಎಮ್ಮಿ ಕಟ್ಟಾಕ ಜಾಗಾ ಬೇಕಾಗೈತಿ’ ಅಂದಳು. ಟ್ರ್ಯಾಕ್ಟರಿಗೆ ಕಟ್ಟಿ ಎಳಕೊಂಡು ಬಂದೆವು. ಅಪ್ಪ ಏನೂ ಅನ್ನಲಿಲ್ಲ. ಶೆಡ್ಡಿನ ಬಾಗಿಲು ಮಾತ್ರ ತಾವೇ ತೆಗೆದು ನಿಂತಿದ್ದರು.

ರಿಸ್ಟೋರೇಶನ್ ಅಂದರೆ ಬಹಳ ಜನ ಬಣ್ಣ ಅಂದ್ಕೊಂಡಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬ ಪ್ರೀಮಿಯರ್ ಪದ್ಮಿನಿ ತಗೊಂಡು ಮೊದಲು ಮಾಡಿಸಿದ ಕೆಲಸ ಪೇಂಟು. ಈಗ ಅದು ಹೊಳೀತದೆ, ಆದರೆ ಸ್ಪೀಡ್ ಬ್ರೇಕರ್ ಬಂದರೆ ಅವನ ಮುಖ ಕಿವುಚುತ್ತೆ. ಗಾಡಿ ನಿಲ್ಲೋದು, ತಿರುಗೋದು, ಮೈಯನ್ನು ರಸ್ತೆಯಿಂದ ಕಾಪಾಡೋದು, ಇವೆಲ್ಲ ಕೆಳಗೆ, ಯಾರೂ ಫೋಟೋ ತೆಗೆಯದ ಜಾಗದಲ್ಲಿ ನಡೆಯೋ ಕೆಲಸ. ಅಂಬಾಸಿಡರಿನ ಮುಂದಿನ ಚಕ್ರಕ್ಕೆ ಟಾರ್ಷನ್ ಬಾರು, ಪದ್ಮಿನಿಯ ಮುಂದಿನದಕ್ಕೆ ಕಾಯಿಲ್ ಸ್ಪ್ರಿಂಗು. ಕಾಯಿಲ್ ಸ್ಪ್ರಿಂಗ್ ಇರೋ ಗಾಡಿ ಆಗಿದ್ದರೆ ನಾನು ಮನೆಯಲ್ಲಿ ಕೈ ಹಾಕ್ತಿರಲಿಲ್ಲ. ಒತ್ತಿ ಹಿಡಿದ ಕಾಯಿಲ್ಲು ಸರಿಯಾದ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಎಗರಿ ಮನುಷ್ಯನ ಜೀವ ತೆಗೀಬಹುದು. ಜೀಪಿನದು ನಾಲ್ಕೂ ಕಡೆ ಪಾಟಾ, ಚಕ್ಕಡಿಯಷ್ಟೇ ಸರಳ.

ಸರಳ ಅಂದೆ, ಆದರೆ ಶ್ಯಾಕಲ್ ಇದೆಯಲ್ಲ, ಅದು ಒಂದು ವಿಚಿತ್ರ ವಸ್ತು. ಪಾಟಾ ಭಾರ ಬಿದ್ದಾಗ ಚಪ್ಪಟೆಯಾಗಿ ಉದ್ದ ಆಗುತ್ತೆ. ಎರಡೂ ತುದಿಯನ್ನು ಚಾಸಿಗೆ ಬಿಗಿದುಬಿಟ್ಟರೆ ಅದು ಅಲುಗೋ ಹಾಗೇ ಇಲ್ಲ. ಅದಕ್ಕೆ ಒಂದು ತುದಿಯನ್ನು ಕೀಲಿಗೆ ಹಾಕಿ, ಇನ್ನೊಂದನ್ನು ಉಯ್ಯಾಲೆ ತರ ತೂಗಿಬಿಡ್ತಾರೆ. ಆ ಉಯ್ಯಾಲೆಯೇ ಶ್ಯಾಕಲ್. ಹಳೇ ಜೀಪಿನಲ್ಲಿ ಅದು ಇಂಗ್ಲಿಷಿನ ‘ಯು’ ಆಕಾರದ ಕಬ್ಬಿಣ. ಎರಡು ಕಾಲು. ಮೇಲಿನ ಕಾಲು ಚಾಸಿಯ ಹ್ಯಾಂಗರಿನ ತೂತಿಗೆ, ಕೆಳಗಿನ ಕಾಲು ಪಾಟಾದ ಕಣ್ಣಿಗೆ. ಈಗಿನ ಗಾಡಿಗಳಲ್ಲಿ ಅಲ್ಲಿ ರಬ್ಬರ್ ಇರುತ್ತೆ. ಇದರಲ್ಲಿ ರಬ್ಬರ್ ಇಲ್ಲ. ಕಾಲಿನ ಮೈತುಂಬ ಥ್ರೆಡ್ಡು, ಅದರ ಮೇಲೆ ಕೂರೋ ಬುಷ್ಷಿಗೆ ಒಳಗೂ ಥ್ರೆಡ್ಡು, ಹೊರಗೂ ಥ್ರೆಡ್ಡು. (ಮೀರಜ್ ಕಡೆಯ ಮಿಸ್ತ್ರಿಗಳು ಮರಾಠಿಯಲ್ಲಿ ‘ಆಟೆ’ ಅಂತಾರೆ, ನಮ್ಮಲ್ಲೂ ಅದೇ ಓಡುತ್ತೆ.) ಜೀಪು ಕುಣಿದಾಗಲೆಲ್ಲ ಕಬ್ಬಿಣದೊಳಗೆ ಕಬ್ಬಿಣ ಒಂಚೂರು ತಿರುಗಿ ವಾಪಸ್ ಬರುತ್ತೆ. ನಡುವೆ ಇರೋದು ಗ್ರೀಸು ಮಾತ್ರ. ಹಳೇ ಮ್ಯಾನ್ಯುಯಲ್ ಪ್ರಕಾರ ಸಾವಿರ ಮೈಲಿಗೊಮ್ಮೆ, ಅಂದರೆ 1600 ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಡೀಬೇಕು. ನಮ್ಮದಕ್ಕೆ ಗ್ರೀಸ್ ಬಿಟ್ಟು ರಾಡಿ ಕುಡಿಸಿದ್ದೆವು.

ಕಬ್ಬಿಣ ತುಕ್ಕಾದಾಗ ಸವೀತದೆ ಅಂತ ಶಾಲೆಯಲ್ಲಿ ಓದಿದ್ದು. ಪೂರ್ತಿ ನಿಜ ಅಲ್ಲ. ಸವೆಯೋಕಿಂತ ಮೊದಲು ಅದು ಉಬ್ಬುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಕೇಳುತ್ತೆ. ಸೇತುವೆಯ ಕಾಂಕ್ರೀಟು ಒಡೆದು ಕಂಬಿ ಹೊರಗೆ ಕಾಣೋದು ಇದೇ ಕಾರಣಕ್ಕೆ. ಥ್ರೆಡ್ಡಿನ ಸಂದಿಯಂಥ ಇಕ್ಕಟ್ಟಿನಲ್ಲಿ ಅದು ಉಬ್ಬಿದರೆ ಬೆಣೆ ಹೊಡೆದ ಹಾಗೆ. ಅಲ್ಲಿ ಜೋರು ಮಾಡಿದರೆ ತಿರುಗೋದು ಬುಷ್ಷಲ್ಲ, ಅದರ ತಲೆ.

ಹಾರೂಗೇರಿ ಕ್ರಾಸಿನ ಹತ್ತಿರ ಗ್ಯಾರೇಜ್ ಇಟ್ಟಿದ್ದ ಚಾಚಾ ಈಗ ಕೆಲಸ ಬಿಟ್ಟಿದ್ದಾರೆ. ಎಪ್ಪತ್ತು ದಾಟಿದೆ, ಒಂದು ಕಿವಿ ಕೇಳಲ್ಲ. ಮಗ ಬೈಕ್ ಶೋರೂಮಿನಲ್ಲಿದ್ದಾನೆ. ಜೀಪು ಅಂದ ಕೂಡಲೇ ಬಂದರು. ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ‘ಇವತ್ತ ಪಾನಾ ಮುಟ್ಟಬ್ಯಾಡ್ರಿ. ಇವತ್ತ ಬರೀ ತೊಳೀರಿ’ ಅಂದರು. ಮೊದಲ ಭಾನುವಾರ ಪೂರ್ತಿ ತೊಳೆದದ್ದೇ. ತಂತಿ ಬ್ರಶ್ಶು, ಡೀಸೆಲ್ಲು, ಹಳೇ ಲುಂಗಿ. ಆಮೇಲೆ ಶ್ಯಾಕಲ್ಲಿನ ಗ್ರೀಸ್ ನಿಪ್ಪಲ್ಲುಗಳನ್ನು ಬಿಚ್ಚಿ, ಅವು ಕೂತಿದ್ದ ತೂತಿನಲ್ಲಿ ಸೈಕಲ್ ಸ್ಪೋಕು ತುರುಕಿದರೆ ಒಳಗೆ ಗ್ರೀಸು ಕಲ್ಲಾಗಿತ್ತು. ಚಾಚಾ ಅದನ್ನು ಕೆದರಿ ಕೆದರಿ ತೆಗೆದು, ಎಣ್ಣೆ ಒಳಗಿಂದಲೇ ಇಳಿಯೋ ದಾರಿ ಮಾಡಿದರು. ಎಲ್ಲರೂ ಹೊರಗಿಂದ ಸ್ಪ್ರೇ ಹೊಡೀತಾರೆ. ಕಂಪನಿಯವನೇ ಒಳಗೆ ಹೋಗೋಕೆ ಒಂದು ತೂತು ಇಟ್ಟಿರುವಾಗ ಹೊರಗೆ ಯಾಕೆ ಹೊಡೀಬೇಕು ಅಂತ ಅವರ ವಾದ.

ಯಾವ ಎಣ್ಣೆ ಅನ್ನೋದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. ನಾನು ಬೆಂಗಳೂರಿನಿಂದ ಡಬ್ಲ್ಯೂಡಿ-40 ಡಬ್ಬಿ ಒಯ್ದಿದ್ದೆ. ಅದು 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಲೋಹದ ಮೇಲಿನ ನೀರು ಓಡಿಸೋಕೆ. ಹೆಸರಿನ ಅರ್ಥವೂ ಅದೇ, ನೀರು ಓಡಿಸೋ ನಲವತ್ತನೇ ಪ್ರಯತ್ನ. ಇಂಥ ಹಳೇ ತುಕ್ಕಿಗೆ ಅದು ಸಾಲದು. ಆಟೊಮ್ಯಾಟಿಕ್ ಗೇರಿನ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಕಲಸಿದರೆ ಚೆನ್ನಾಗಿ ಇಳಿಯುತ್ತೆ. ಆದರೆ ಎರಡೂ ಒಂದರಲ್ಲೊಂದು ಸರಿಯಾಗಿ ಬೆರೆಯಲ್ಲ, ಪ್ರತಿ ಸಲ ಕುಲುಕಬೇಕು, ಬೆಂಕಿಯ ಹತ್ತಿರ ತರಲೇಬಾರದು. ಚಾಚಾ ಎರಡನ್ನೂ ಮೂಸಿ ನೋಡಿ ತಮ್ಮ ಡೀಸೆಲ್ಲು-ಸೀಮೆಎಣ್ಣೆ ಬಾಟಲಿಯನ್ನೇ ತಗೊಂಡರು. ನಾಲ್ಕು ಬುಷ್ಷಿಗೆ ನನ್ನ ಎಣ್ಣೆ, ನಾಲ್ಕಕ್ಕೆ ಅವರದು ಅಂತ ಎ/ಬಿ ಟೆಸ್ಟ್ ಮಾಡೋ ಆಸೆ ನನಗಿತ್ತು. ಅಪ್ಪ ಬಯ್ದರು.

ಎಣ್ಣೆಗಿಂತ ಮುಖ್ಯ ಕಾಯೋದು, ಮತ್ತೆ ತಟ್ಟೋದು. ನಾನು ಬೆಂಗಳೂರಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಎಮ್ಮೆ ಹಿಂಡಿ ಆದ ಮೇಲೆ ಅಪ್ಪ ಶೆಡ್ಡಿಗೆ ಹೋಗಿ ಎಂಟೂ ಬುಷ್ಷಿಗೆ ಎರಡೆರಡು ಹನಿ ಬಿಟ್ಟು, ಸಣ್ಣ ಸುತ್ತಿಗೆಯಿಂದ ಸುತ್ತಲೂ ಟಕ ಟಕ ಬಡಿದು ಬರ್ತಿದ್ದರು. ಜೋರಾಗಿ ಅಲ್ಲ, ಬಾಗಿಲು ಬಡಿದ ಹಾಗೆ. ಆ ನಡುಕದಲ್ಲೇ ಎಣ್ಣೆ ಕೂದಲೆಳೆಯಷ್ಟು ಮುಂದೆ ಹೋಗುತ್ತೆ. ರಾತ್ರಿ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳೋಕಿಂತ ಮೊದಲು, ‘ಎಣ್ಣಿ ಬಿಟ್ಟೇನಿ’ ಅಂತಿದ್ದರು.

ಬಿಚ್ಚೋದಕ್ಕೂ ಒಂದು ಕ್ರಮ ಇದೆ. ಪಾಟಾದ ಮೇಲೆ ಜೀಪಿನ ಭಾರ ಇದ್ದರೆ ಶ್ಯಾಕಲ್ ಬಿಗಿದುಕೊಂಡೇ ಇರುತ್ತೆ. ಚಾಸಿಯನ್ನು ಎತ್ತಿ ದಪ್ಪ ಮರದ ತುಂಡುಗಳ ಮೇಲೆ ಕೂರಿಸಿ, ಅಚ್ಚನ್ನು ಬೇರೆ ಜಾಕಿನ ಮೇಲೆ ಹಿಡಿದು, ಶ್ಯಾಕಲ್ ಎಳೆತವೂ ಇಲ್ಲದೆ ಒತ್ತಡವೂ ಇಲ್ಲದೆ ಸಡಿಲಾಗಿ ತೂಗೋ ಜಾಗ ಹುಡುಕಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು, ಇದು ಮಾತ್ರ ಚಾಚಾ ಮೂರು ಸಲ ಹೇಳಿದರು. ಆರು ಮೂಲೆಯ ಸಾಕೆಟ್ಟು ಬೇಕು, ಹನ್ನೆರಡು ಮೂಲೆಯದು ತಲೆ ತಿಂದುಹಾಕುತ್ತೆ. ಹಾಕಿದ ಮೇಲೆ ಮೊದಲು ಬಿಚ್ಚೋ ಕಡೆಗಲ್ಲ, ಬಿಗಿ ಮಾಡೋ ಕಡೆಗೆ ಒಂದು ಎಳೆ. ತುಕ್ಕಿನ ಪದರ ಮುರಿಯಲಿ ಅಂತ. ಆಮೇಲೆ ಬಿಚ್ಚೋ ಕಡೆ. ಹೀಗೆ ಎರಡು ಬುಷ್ಷು ಮೊದಲನೇ ತಿಂಗಳೇ ಬಂದವು. ಆ ಕಿರ್ರ್ ಸದ್ದನ್ನು ನಾನು ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ.

ಚಾಸಿಯ ಹ್ಯಾಂಗರಿನಲ್ಲಿದ್ದ ಮೂರಕ್ಕೆ ಬೆಂಕಿ ಬೇಕಾಯ್ತು. ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕು ಬಿಚ್ಚಿ ಹೊರಗಿಟ್ಟೆವು, ನಾಲ್ಕು ಕೊಡ ನೀರು ತುಂಬಿಸಿಟ್ಟುಕೊಂಡೆವು, ಸುರಿದಿದ್ದ ಎಣ್ಣೆಯನ್ನೆಲ್ಲ ಒರೆಸಿದೆವು. ಉಕ್ಕು ಕಾದರೆ ಹಿಗ್ಗುತ್ತೆ. ಲೆಕ್ಕ ಹಾಕಿದರೆ ಬಹಳ ಸಣ್ಣದು. 30 ಮಿಲಿಮೀಟರಿನ ತೂತನ್ನು 300 ಡಿಗ್ರಿ ಹೆಚ್ಚಿಗೆ ಕಾಯಿಸಿದರೆ ಸುಮಾರು 0.1 ಮಿಲಿಮೀಟರ್ ಅಗಲ ಆಗುತ್ತೆ, ಒಂದು ಜೆರಾಕ್ಸ್ ಹಾಳೆಯ ದಪ್ಪ. ಅಷ್ಟೇ ಸಾಕು. ಹೊರಗಿನ ಹ್ಯಾಂಗರನ್ನು ಬೇಗ ಕಾಯಿಸಬೇಕು, ಒಳಗಿನ ಬುಷ್ಷಿಗೆ ಶಾಖ ತಲುಪೋಕಿಂತ ಮೊದಲು. ಕಾದ ಮೇಲೆ ಚಾಚಾ ಜೇಬಿನಿಂದ ಮೇಣದಬತ್ತಿ ತೆಗೆದು ಸಂದಿಗೆ ಒತ್ತಿದರು. ಮೇಣ ಕರಗಿ, ಹೊಗೆಯಾಡ್ತಾ ಥ್ರೆಡ್ಡಿನೊಳಗೆ ಇಳಿದು ಹೋಯ್ತು, ಬತ್ತಿ ಎಣ್ಣೆ ಕುಡಿದ ಹಾಗೆ. ಎರಡು ಸಲ ಕಾಯಿಸಿ ಆರಿಸಿ, ಮೂರನೇ ಸಲ ತಿರುಗಿತು.

ಇದನ್ನು ನೋಡ್ತಾ ಅಪ್ಪ ಕಂಬಾರರ ಮನೆಯ ಮುಂದೆ ಚಕ್ಕಡಿ ಗಾಲಿಗೆ ಹಳಿ ಹಾಕ್ತಿದ್ದದ್ದು ನೆನಪಿಸಿಕೊಂಡರು. ನಾನೂ ಚಿಕ್ಕವನಿದ್ದಾಗ ಒಂದೆರಡು ಸಲ ನೋಡಿದ್ದೇನೆ. ನೆಲದ ಮೇಲೆ ಕುಳ್ಳಿನ ದೊಡ್ಡ ವೃತ್ತ, ಅದರೊಳಗೆ ಕೆಂಪಾದ ಹಳಿ, ನಾಲ್ಕು ಜನ ಇಕ್ಕಳ ಹಿಡಿದು ಎತ್ತಿ ಮರದ ಗಾಲಿಗೆ ಸಿಕ್ಕಿಸಿ, ಮೇಲೆ ಕೊಡಗಟ್ಟಲೆ ನೀರು. ತಣ್ಣಗಾದ ಹಳಿ ಗಾಲಿಯನ್ನು ಅಮುಕಿ ಹಿಡಿಯೋ ಸದ್ದು ಇಡೀ ಓಣಿಗೆ ಕೇಳ್ತಿತ್ತು. ಥರ್ಮಲ್ ಎಕ್ಸ್‌ಪ್ಯಾನ್ಷನ್ ಅಂತ ಬಿಇ ಮೊದಲ ವರ್ಷದಲ್ಲಿ ಕಲಿಸಿದವರು ಇದನ್ನೊಂದು ಹೇಳಿದ್ದರೆ ಆ ಅಧ್ಯಾಯ ಬಾಯಿಪಾಠ ಮಾಡಬೇಕಾಗಿರಲಿಲ್ಲ.

ಉಳಿದದ್ದು ಮೂರು, ಎಲ್ಲವೂ ಪಾಟಾದ ಕಣ್ಣಿನಲ್ಲಿ. ಅಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ. ಪಾಟಾ ಅಂದರೆ ಹದ ಕೊಟ್ಟ ಉಕ್ಕು, ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಮಾಡಿದ್ದು. ಅದನ್ನು ಗ್ಯಾಸಿನಿಂದ ಕೆಂಪಗೆ ಮಾಡಿದರೆ ಹದ ಹೋಗುತ್ತೆ. ಆಮೇಲೆ ಅದು ಕಬ್ಬಿಣದ ಪಟ್ಟಿ, ಸ್ಪ್ರಿಂಗ್ ಅಲ್ಲ. ನೋಡೋಕೆ ಮೊದಲಿನ ಹಾಗೇ ಇರುತ್ತೆ, ಒಂದು ದಿನ ರಸ್ತೆಯಲ್ಲಿ ಕಣ್ಣಿನ ಹತ್ತಿರವೇ ಮುರಿಯುತ್ತೆ. ಬಗಲಿನ ವೆಲ್ಡಿಂಗ್ ಅಂಗಡಿಯ ಹುಡುಗ ಬಂದು, ‘ಅಣ್ಣಾ, ಗ್ಯಾಸ್ ಕಟರ್ ತರ್ಲೇನು? ಐದ್ ಮಿನಿಟಿನ ಕೆಲಸ’ ಅಂದ. ಚಾಚಾ ಕೇಳದ ಕಿವಿಯನ್ನು ಅವನ ಕಡೆ ತಿರುಗಿಸಿ ಕೂತರು.

ಇಲ್ಲಿ ಇನ್ನೊಂದು ತೊಡಕು. ಹಳೇ ವಿಲ್ಲಿಸ್ ಜೀಪಿನ ಎಂಟು ಬುಷ್ಷಿನಲ್ಲಿ ಆರು ಸೀದಾ, ಎರಡು ಉಲ್ಟಾ. ಅಂದರೆ ಆ ಎರಡಕ್ಕೆ ಎಡಗೈ ಥ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ, ಎಡಕ್ಕೆ ತಿರುಗಿಸಿದರೆ ಬಿಗಿ. ಗುರುತಿಗೆ ಶ್ಯಾಕಲ್ಲಿನ ಕಾಲ ಮೇಲೆ ಒಂದು ಸಣ್ಣ ಉಬ್ಬು, ಬುಷ್ಷಿನ ತಲೆಯ ಸುತ್ತ ಒಂದು ಗೀರು. ಪಿಡಿಎಫ್ ಮ್ಯಾನ್ಯುಯಲ್ಲು ನನ್ನ ಫೋನಿನಲ್ಲೇ ಇತ್ತು. ಆದರೆ ಐವತ್ತು ವರ್ಷ ಸುತ್ತಿಗೆ ಏಟು ತಿಂದ ತಲೆಗಳಲ್ಲಿ ಗೀರು ಯಾವುದು, ಗಾಯ ಯಾವುದು ಅಂತ ಗೊತ್ತಾಗ್ತಿರಲಿಲ್ಲ. ಮುಂದಿನ ಎಡಗಡೆಯದು ಉಲ್ಟಾ ಅಂತ ಅನುಮಾನ, ಹಿಂದಿನ ಬಲಗಡೆಯದೂ ಉಲ್ಟಾ ಇರಬೇಕು. ನಾನು ಫೋನ್ ತೋರಿಸಿದೆ. ಚಾಚಾ ತಲೆ ಅಲ್ಲಾಡಿಸಿದರು.

‘ಕಂಪನಿ ಏನ್ ಹಾಕಿತ್ತು ಅದು ಬರದೈತಿ. ಆಮ್ಯಾಲ ಯಾರ್ ಏನ್ ಬದಲಿ ಮಾಡ್ಯಾರು, ಅದು ಬರದೈತೇನು?’

ಬರೆದಿರಲಿಲ್ಲ. ನಮ್ಮ ಆಫೀಸಿನ ಗೆಳೆಯನಿಗೆ ಹೇಳಿದರೆ ಅವನು, ಇದು ಲೆಗಸಿ ಕೋಡ್ ಇದ್ದ ಹಾಗೆ ಅಂದ. ನನಗೆ ಆ ಹೋಲಿಕೆ ಇಷ್ಟ ಆಗಲಿಲ್ಲ. ಕೋಡಿನಲ್ಲಿ ಉಲ್ಟಾ ಹೋದರೆ ರೋಲ್‌ಬ್ಯಾಕ್ ಮಾಡಬಹುದು. ಇಲ್ಲಿ ಉಲ್ಟಾ ಬಲ ಹಾಕಿದರೆ ಕಾಲು ಪಾಟಾದ ಕಣ್ಣೊಳಗೇ ಮುರಿದು ಕೂರುತ್ತೆ. ‘ಗೊತ್ತಿಲ್ಲದ ಕಡೆ ಜೋರ್ ಮಾಡಬಾರ್ದು’ ಅಂದ ಚಾಚಾ, ಸಾಮಾನು ಕಟ್ಟಿ, ‘ಈ ಗಾಡಿ ಕಡೀಕ ಬಿಚ್ಚಿ ಜೋಡಿಸಿದಾಂವ ಯಾರು?’ ಅಂತ ಅಪ್ಪನನ್ನು ಕೇಳಿದರು.

ಅಪ್ಪ ತುಸು ಹೊತ್ತು ಸುಮ್ಮನಿದ್ದು, ‘ನಮ್ಮ ತಮ್ಮ’ ಅಂದರು.

ಕಾಕಾನ ಮನೆ ಮೂರು ಓಣಿ ಆಚೆ. ವಾಟ್ನಿ ಆದ ಮೇಲೂ ನಾನು ಅಲ್ಲಿಗೆ ಹೋಗ್ತಿದ್ದೆ. ಹಬ್ಬಕ್ಕೆ ಕಾಕು ಹೋಳಿಗೆ ಕಳಿಸೋದು, ಅವ್ವ ಕರ್ಚಿಕಾಯಿ ಕಳಿಸೋದು ನಿಂತಿರಲಿಲ್ಲ. ನಿಂತಿದ್ದದ್ದು ಗಂಡಸರ ಮಾತು ಮಾತ್ರ. ಆದರೂ ಜೀಪಿನ ವಿಷಯ ಎತ್ತಿಕೊಂಡು ಹೋಗೋದು ಬೇರೆ. ‘ಕೇಳಿ ಬರ್ಲೇನಪಾ’ ಅಂತ ಅಪ್ಪನನ್ನು ಕೇಳಿದರೆ, ‘ಕೇಳು. ನಾ ಏನ್ ಬ್ಯಾಡಾ ಅಂದೆನಾ’ ಅಂದರು, ಮುಖ ನೋಡದೆ.

ಕಾಕಾ ಕಟ್ಟೆಯ ಮೇಲೆ ಕೂತು ಅರಿಶಿಣದ ಬೀಜ ಆರಿಸ್ತಿದ್ದರು. ನಾನು ಪ್ರಶ್ನೆ ಕೇಳಿದೆ. ಅವರು ಯೋಚನೆ ಮಾಡಲೇ ಇಲ್ಲ.

‘ಮುಂದಿನ ಎಡಗಡಿದು ಉಲ್ಟಾ, ಕಂಪನೀದ ಐತಿ. ಹಿಂದಿನ ಬಲಗಡಿದೂ ಉಲ್ಟಾನ ಇತ್ತು. ಅರಿಶಿಣ ಹೇರಕೊಂಡ್ ಬರೂಮುಂದ ಮೇನ್ ಪಾಟಾ ಮುರೀತು. ಉಲ್ಟಾ ಸೆಟ್ ಸಿಗಲಿಲ್ಲ. ಕೊಲ್ಲಾಪುರದಿಂದ ಪಾಟಾ, ಶ್ಯಾಕಲ್, ಬುಷ್ ಎಲ್ಲಾ ಸೀದಾದ್ದ ತಂದು ಹಾಕೇನಿ. ಅಣ್ಣಗ ಗೊತ್ತಿಲ್ಲ. ಅಪ್ಪಗ ಹೇಳಿದ್ದೆ.’

ಅಂದರೆ ಮ್ಯಾನ್ಯುಯಲ್ ನಂಬಿ ಹಿಂದಿನ ಬಲಗಡೆಯದನ್ನು ಬಲಕ್ಕೆ ತಿರುಗಿಸಿದ್ದರೆ ಅದು ಅಲ್ಲೇ ಮುರೀತಿತ್ತು. ಈ ಮಾಹಿತಿ ಇದ್ದದ್ದು ಜಗತ್ತಿನಲ್ಲಿ ಇಬ್ಬರ ತಲೆಯಲ್ಲಿ, ಒಬ್ಬರು ತೀರಿಕೊಂಡಿದ್ದರು.

ನಾನು ಥ್ಯಾಂಕ್ಸ್ ಹೇಳೋ ಹುಡುಗನಲ್ಲ, ನಮ್ಮ ಕಡೆ ಕಾಕಾನಿಗೆ ಥ್ಯಾಂಕ್ಸ್ ಅಂದರೆ ಬೈಸಿಕೋಬೇಕಾಗುತ್ತೆ. ಎದ್ದು ಬಂದೆ. ಮರುದಿನ ಬೆಳಿಗ್ಗೆ ಚಾಚಾ ಮುಂದಿನ ಎಡಗಡೆಯದಕ್ಕೆ ಸಾಕೆಟ್ ಹಾಕ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ನೆರಳು. ಕಾಕಾ ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, ‘ಬಲಕ್ಕ. ಬಲಕ್ಕ ಎಳೀರಿ ಚಾಚಾ’ ಅಂದರು. ಚಾಚಾ ಎಳೆದರು. ಮೂರಡಿ ಪೈಪು ಸಿಕ್ಕಿಸಿ ಇಬ್ಬರೂ ಎಳೆದೆವು. ಅದು ಬಂತು, ನಿಧಾನಕ್ಕೆ, ಕೆಂಪು ಪುಡಿ ಉದುರಿಸ್ತಾ. ಹಿಂದಿನ ಬಲಗಡೆಯದಕ್ಕೆ ಹೋದಾಗ ಕಾಕಾ ಹೊಸ್ತಿಲು ದಾಟಿದ್ದರು. ಯಾವಾಗ ದಾಟಿದರು ಅಂತ ನಾನು ನೋಡಲಿಲ್ಲ. ಪಂಚೆ ಎತ್ತಿ ಕಟ್ಟಿ ಕೆಳಗೆ ಮಲಗಿ, ಸುತ್ತಿಗೆ ಬೇಡಿ, ಬುಷ್ಷಿನ ತಲೆಯ ಮೇಲೆ ನೆಟ್ಟಗೆ ನಾಲ್ಕು ಏಟು ಹಾಕಿದರು. ಅಪ್ಪ ಮರದ ತುಂಡಿನ ಮೇಲೆ ಕೂತಿದ್ದರು. ಟಾರ್ಚು ಅವರ ಕೈಯಲ್ಲಿತ್ತು. ಬೆಳಕು ಸರಿಯಾಗಿ ಬುಷ್ಷಿನ ಮೇಲೇ ಬೀಳ್ತಿತ್ತು.

ಎಂಟನೆಯದು ಬರಲಿಲ್ಲ. ಹಿಂದಿನ ಎಡಗಡೆಯ ಕೆಳಗಿನದು. ಸೀದಾ ಅಂತ ಗೊತ್ತಿದ್ದರೂ, ಎರಡು ವಾರ ಎಣ್ಣೆ ಕುಡಿದರೂ, ಮಿಸುಕಲಿಲ್ಲ. ಅಲ್ಲಿ ಲೆಕ್ಕಾಚಾರ ಸರಳ. ಶ್ಯಾಕಲ್ಲು, ಬುಷ್ಷು ಹೊಸದು ಸಿಗ್ತಾವೆ. ಪಾಟಾದ ಕಣ್ಣು ಸಿಗಲ್ಲ. ಹಾಗಾಗಿ ಸಾಯಬೇಕಾದ್ದು ಶ್ಯಾಕಲ್ಲು. ಆಕ್ಸಾ ಬ್ಲೇಡಿನಿಂದ ಅದರ ಕಾಲನ್ನು ಕೊಯ್ದೆವು, ಕೈಯಿಂದಲೇ, ಮುಕ್ಕಾಲು ಗಂಟೆ. ಪಾಟಾ ಬಿಡಿಸಿ ವೈಸಿಗೆ ಕಟ್ಟಿ, ಒಳಗೆ ಉಳಿದ ಕಾಲಿನ ತುಂಡಿಗೆ ನಡುವೆ ಡ್ರಿಲ್ ಹಾಕಿ, ತೂತು ದೊಡ್ಡದು ಮಾಡ್ತಾ ಹೋಗಿ, ಕೊನೆಗೆ ಬುಷ್ಷಿನ ಗೋಡೆಯನ್ನು ಒಳಗಿನಿಂದ ಉದ್ದಕ್ಕೆ ಕೊಯ್ದು, ಸಣ್ಣ ಚಾಣದಿಂದ ಒಳಕ್ಕೆ ಮಡಚಿದೆವು. ಕಣ್ಣಿನ ಥ್ರೆಡ್ಡಿಗೆ ಬ್ಲೇಡು ತಾಗಬಾರದು. ಅಲ್ಲಿ ಚಾಚಾನ ಕೈ ಸ್ವಲ್ಪ ನಡುಗ್ತಿತ್ತು, ಬ್ಲೇಡನ್ನು ಕಾಕಾ ಹಿಡಿದರು. ಕೊನೆಯ ಒಂದು ಮಿಲಿಮೀಟರು ಕೊಯ್ಯೋವಾಗ ಯಾರೂ ಮಾತಾಡಲಿಲ್ಲ. ಬುಷ್ಷು ಬಾಳೆದಿಂಡಿನ ಪದರ ತರ ಮುದುಡಿ ಹೊರಗೆ ಬಂತು. ಒಳಗೆ ಥ್ರೆಡ್ಡು ಹೊಳೀತಿತ್ತು.

ಕಾಗದದ ಕೆಲಸ ಬೇರೆ ಇದೆ. ಆರ್‌ಸಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಮಾಲೀಕರು ತೀರಿಕೊಂಡರೆ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡೋಕೆ ಫಾರ್ಮ್ 31 ಅಂತ ಇದೆ, ಮೂರು ತಿಂಗಳೊಳಗೆ ಕೊಡಬೇಕಾದ್ದು. ನಾವು ವರ್ಷಗಟ್ಟಲೆ ತಡ ಮಾಡಿದ್ದೇವೆ. ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು, ಅಂದರೆ ಕಾಕಾ ಮತ್ತು ಅತ್ತಿಯದು. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಅಂತ ಬೇರೆ ನೋಂದಣಿ ತಂದಿದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಮರು ನೋಂದಣಿಗೆ 5,000. ನಂಬರಿನಲ್ಲಿ ‘ವಿಎ’ ಅಂತ ಬರುತ್ತೆ. ಕೇಳೋಕೆ ಗತ್ತಾಗಿದೆ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸೋ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ ಇಂಥದ್ದಕ್ಕೆ ಮಾತ್ರ. ಅಪ್ಪನಿಗೆ ಹೇಳಿದೆ. ‘ಹೊಲಕ್ಕ ಹೋಗದಿದ್ದ ಮ್ಯಾಲ ಅದು ಎಂಥಾ ಜೀಪು’ ಅಂದರು. ಸಾಮಾನ್ಯ ದಾರಿಯಲ್ಲೇ ಹೋಗಬೇಕು, ಫಿಟ್ನೆಸ್ ತೋರಿಸಬೇಕು. ಅದಕ್ಕೇ ಇಷ್ಟೆಲ್ಲ.

ಈಗ ಸಾಮಾನಿನ ಪಟ್ಟಿ ನನ್ನ ಹತ್ತಿರ ಇದೆ, ಕಾಕಾ ಬರೆಸಿದ್ದು. ಮುಂದಿನ ಎಡಗಡೆಗೆ ಉಲ್ಟಾ ಶ್ಯಾಕಲ್ ಒಂದು, ಸೀದಾ ಮೂರು, ಬುಷ್ಷುಗಳು ಅದಕ್ಕೆ ತಕ್ಕ ಹಾಗೆ, ನಿಪ್ಪಲ್ಲು, ಗ್ರೀಸ್ ಸೀಲು. ಬೆಂಗಳೂರಿನ ಜೆಸಿ ರೋಡಿನಲ್ಲಿ ಮೂರನೇ ಅಂಗಡಿಯಲ್ಲಿ ಸೀದಾ ಸಿಕ್ಕವು. ಉಲ್ಟಾ ಒಂದು ಇನ್ನೂ ಹುಡುಕಬೇಕು.

ಅಣ್ಣ ತಮ್ಮ ಮಾತಾಡಿದರಾ ಅಂತ ಅವ್ವ ಫೋನಿನಲ್ಲಿ ಕೇಳ್ತಾಳೆ. ನನ್ನ ಮೂಲಕ ಮಾತಾಡ್ತಾರೆ. ಹೋದ ಭಾನುವಾರ ಇಬ್ಬರೂ ನನ್ನಿಂದ ಎರಡೆರಡು ಮಾರು ದೂರ ಕೂತಿದ್ದಾಗ ಕಾಕಾ, ‘ಟಾಯರ್ ಯಾವ್ದು ಹಾಕ್ತಾನಂತ ಕೇಳೋ ನಿಮ್ಮಪ್ಪಗ’ ಅಂದರು. ಅಪ್ಪ, ‘ಮೊದಲಿಂದ ಯಾವ್ದು ಇತ್ತೋ ಅದನ್ನ ಅಂತ ಹೇಳು’ ಅಂದರು. ನಾನು ಎರಡನ್ನೂ ತಿರುಗಿ ಹೇಳಿದೆ, ಇಬ್ಬರಿಗೂ ಮೊದಲೇ ಕೇಳಿಸಿತ್ತು. ಹೋಗುವಾಗ ಕಾಕಾ ನಮ್ಮ ಗ್ರೀಸ್ ಗನ್ನನ್ನು ಒತ್ತಿ ನೋಡಿ, ಒಳಗಿನ ಚರ್ಮದ ವಾಶರ್ ಸವೆದಿದೆ, ಬದಲಿಸಿ ತರ್ತೀನಿ ಅಂತ ತಮ್ಮ ಮನೆಗೆ ಒಯ್ದರು. ಫಾರ್ಮ್ 31 ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿತ್ತು, ಆ ದಿನ ತೆಗೆಯಲಿಲ್ಲ. ಮುಂದಿನ ಸಲದ ಟಿಕೆಟ್ಟು ವೇಟಿಂಗ್ ಲಿಸ್ಟಿನಲ್ಲಿದೆ.